ಮುಕ್ತ ತಂತ್ರಾಂಶದಲ್ಲಿ ಮಕ್ಕಳ ಪಾಲು

2021ರ ಜನವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಮುಕ್ತ ತಂತ್ರಾಂಶದ ತಂಡ ಅವಸರದಲ್ಲಿ ಒಂದು ತಿದ್ದುಪಡಿಯನ್ನು ಹೊರತಂದಿತು. ಲಾಕ್ ಆಗಿರುವ ಕಂಪ್ಯೂಟರನ್ನು ಪಾಸ್‌ವರ್ಡ್ ಇಲ್ಲದೆಯೇ ತೆರೆಯಬಹುದೆಂಬುದು ಆಗಷ್ಟೇ ಗೊತ್ತಾಗಿತ್ತು. ಪತ್ತೆ ಹಚ್ಚಿದವರು ಬಳಕೆದಾರರೊಬ್ಬರ ಮನೆಯ ಚಿಕ್ಕ ಮಕ್ಕಳು. ದೊಡ್ಡವರ ಕಂಪ್ಯೂಟರನ್ನು ಹ್ಯಾಕ್ ಮಾಡುವ ಆಟ ಕಟ್ಟಿಕೊಂಡು ಅವರು ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದರು, ಪರದೆಯ ಮೇಲೆ ಮೂಡುವ ಕೀಲಿಮಣೆಯನ್ನೂ ಬಿಡಲಿಲ್ಲ. ಲಾಕ್ ಪರದೆ ಕುಸಿದು ಹಿಂದಿದ್ದ ಡೆಸ್ಕ್‌ಟಾಪ್ ಬಯಲಾಯಿತು. ಮನೆಯ ಹಿರಿಯರು ಅದನ್ನು ಮಕ್ಕಳಾಟವೆಂದು ತಳ್ಳಿಹಾಕದೆ, ನಡೆದದ್ದನ್ನು ನಡೆದಂತೆ ಬರೆದು ತಂಡಕ್ಕೆ ತಿಳಿಸಿದರು. ತಂಡದವರು ಜಾಡು ಹಿಡಿದು ಹೋದಾಗ ಕಾರಣ ಸಿಕ್ಕಿತು: ಪರದೆಯ ಕೀಲಿಮಣೆಯಲ್ಲಿ ಇಂಗ್ಲಿಷಿನ ‘ಇ’ ಅಕ್ಷರವನ್ನು ಒತ್ತಿ ಹಿಡಿದು, ತಲೆಯ ಮೇಲೆ ಗೆರೆಯಿರುವ ಅದರ ರೂಪವನ್ನು ಆರಿಸಿದರೆ ಕೀಲಿಮಣೆಯ ಪ್ರೋಗ್ರಾಂ ನಿಂತುಹೋಗುತ್ತಿತ್ತು, ಜೊತೆಗೆ ಪರದೆ ಕಾಯುವ ಪ್ರೋಗ್ರಾಮನ್ನೂ ಕೆಡವುತ್ತಿತ್ತು. ಭದ್ರತೆಯ ಇನ್ನೊಂದು ತೊಂದರೆಯನ್ನು ಸರಿಪಡಿಸಲು ಸ್ವಲ್ಪ ಹಿಂದೆ ಮಾಡಿದ್ದ ಬದಲಾವಣೆಯೇ ಈ ತೂತಿಗೆ ದಾರಿ ಮಾಡಿತ್ತು. ಬಲ್ಲವರು ಅಷ್ಟು ಅಡ್ಡಾದಿಡ್ಡಿಯಾಗಿ ಕೀಲಿ ಒತ್ತುವುದಿಲ್ಲ, ಹಾಗಾಗಿ ಬಲ್ಲವರ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಇಂಥ ಸುದ್ದಿ ಬಂದಾಗ ನಾವು ಅದನ್ನು ಸೋಜಿಗವೆಂದು ಓದಿ ಮುಂದೆ ಹೋಗುತ್ತೇವೆ. ಆಕಸ್ಮಿಕ ಎನ್ನುತ್ತೇವೆ, ಇಲ್ಲವಾದರೆ ಬಾಲಪ್ರತಿಭೆ ಎನ್ನುತ್ತೇವೆ. ಎರಡೂ ಮಾತು ಇತಿಹಾಸವನ್ನು ಮರೆಮಾಡುತ್ತವೆ. ಹಂಚಿಕೊಂಡು ಬಳಸುವ ತಂತ್ರಾಂಶದ ಕೆಲಸಕ್ಕೆ ಮಕ್ಕಳು ಕೈಜೋಡಿಸುವುದು ಆ ತಂತ್ರಾಂಶದಷ್ಟೇ ಹಳೆಯ ರೂಢಿ. ‘ಓಪನ್ ಸೋರ್ಸ್’ ಎಂಬ ಹೆಸರು ಹುಟ್ಟಿದ್ದು 1998ರಲ್ಲಿ. ರೂಢಿ ಅದಕ್ಕಿಂತ ಮೂರೂವರೆ ದಶಕದಷ್ಟು ಹಿಂದಿನದು. ಅದು ಎಲ್ಲಿ ಚಿಗುರಿತು, ಎಲ್ಲಿ ಕಮರಿತು ಎಂದು ನೋಡುತ್ತ ಹೋದರೆ, ಮಗುವಿನ ಜಾಣತನಕ್ಕಿಂತ ದೊಡ್ಡವರು ಮಾಡಿಟ್ಟ ಏರ್ಪಾಡೇ ಅದನ್ನು ನಿರ್ಧರಿಸಿದ್ದು ಕಾಣುತ್ತದೆ. ಕೋಡ್ ಓದಲು ಸಿಗುತ್ತಿತ್ತೇ? ಮಗುವಿಗೆ ನಿಲುಕುವಷ್ಟು ಚಿಕ್ಕ ಕೆಲಸ ಇತ್ತೇ? ಮಾಡಿ ತಂದದ್ದನ್ನು ಓದಿ ಉತ್ತರ ಹೇಳುವವರು ಇದ್ದರೇ? ಮೂರಕ್ಕೂ ಹೌದೆಂಬ ಉತ್ತರ ಇದ್ದ ಕಡೆಗಳಲ್ಲೆಲ್ಲ ಮಕ್ಕಳು ಬಂದಿದ್ದಾರೆ, ಅವರ ಕೆಲಸ ಉಳಿದಿದೆ.

ಮೊದಲ ಸಾಕ್ಷಿಯೇ ನನ್ನ ವಾದಕ್ಕೆ ವಿರುದ್ಧವಾಗಿ ಕಾಣುವಂಥದ್ದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯ ಕಂಪ್ಯೂಟರ್ ಕೋಣೆಗಳಲ್ಲಿ ಪೀಟರ್ ಡಾಯ್ಚ್ ಎಂಬ ಹುಡುಗ ಓಡಾಡುತ್ತಿದ್ದ. ಮೊದಲು ಬಂದಾಗ ಅವನಿಗೆ 12ರ ಆಸುಪಾಸು. ತಂದೆ ಮಾರ್ಟಿನ್ ಡಾಯ್ಚ್ ಅಲ್ಲಿಯೇ ಭೌತವಿಜ್ಞಾನದ ಪ್ರಾಧ್ಯಾಪಕರು. ಹುಡುಗ ಹೈಸ್ಕೂಲು ದಾಟುವ ಮೊದಲೇ ಪಿಡಿಪಿ-1 ಎಂಬ ಕಂಪ್ಯೂಟರಿಗೆ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಅಳವಡಿಸಿದ. 1964ರಲ್ಲಿ ಅದರ ವಿವರ ವರದಿಯಾಗಿ ಹೊರಬಂದು ಬೇರೆಯವರ ಕೈಸೇರಿತು. ಮುಂದೆ ಇದೇ ಡಾಯ್ಚ್ 1988ರಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶ ಬರೆದು ಎಲ್ಲರಿಗೂ ತೆರೆದಿಟ್ಟರು. 1996ರಲ್ಲಿ ಜಿಪ್ ಕಡತಗಳ ಹಿಂದಿರುವ ಡಿಫ್ಲೇಟ್ ವಿಧಾನವನ್ನು ಅಂತರ್ಜಾಲದ ಅಧಿಕೃತ ದಾಖಲೆಯಾಗಿ ಬರೆದವರೂ ಅವರೇ. ಪ್ರತಿಭೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆದರೆ ಆ ಕೋಣೆಯ ಕಟ್ಟಳೆಯನ್ನೂ ಗಮನಿಸಬೇಕು. ಅಲ್ಲಿ ಪ್ರೋಗ್ರಾಮುಗಳ ಕಾಗದದ ಪಟ್ಟಿಗಳನ್ನು ಎಲ್ಲರಿಗೂ ಸಿಗುವಂತೆ ಇಡುತ್ತಿದ್ದರು, ಯಾರು ಬೇಕಾದರೂ ಎತ್ತಿಕೊಂಡು ಓದಿ ಉತ್ತಮಪಡಿಸಬಹುದಿತ್ತು. ಬರೆದವರ ವಯಸ್ಸು, ಪದವಿಗಳನ್ನು ಕೇಳದೆ ಬರೆದದ್ದನ್ನಷ್ಟೇ ನೋಡುವ ಜನ ಅಲ್ಲಿದ್ದರು. ಅದೇ ಊರಿನಲ್ಲಿ, ಅದೇ ವಯಸ್ಸಿನಲ್ಲಿ, ಅಷ್ಟೇ ಬುದ್ಧಿಯಿದ್ದು ತಂದೆ ಪ್ರಾಧ್ಯಾಪಕರಾಗಿರದ ಮಗುವಿಗೆ ಆ ಕೋಣೆಯ ಬಾಗಿಲೇ ಕಾಣಿಸಿರಲಾರದು. ಡಾಯ್ಚ್ ಕತೆ ಪ್ರತಿಭೆಯನ್ನು ತೋರಿಸುವಷ್ಟೇ ಬಾಗಿಲನ್ನೂ ತೋರಿಸುತ್ತದೆ.

ಆ ಬಾಗಿಲನ್ನು ಅಗಲ ಮಾಡಿದ್ದು ಟೈಮ್‌ಶೇರಿಂಗ್, ಅಂದರೆ ಒಂದು ದೊಡ್ಡ ಯಂತ್ರವನ್ನು ಹಲವು ಊರಿನ ಟೆಲಿಟೈಪುಗಳಿಂದ (ಬೆರಳಚ್ಚು ಯಂತ್ರದಂಥ ಸಾಧನಗಳಿಂದ) ಏಕಕಾಲಕ್ಕೆ ಬಳಸುವ ಪದ್ಧತಿ. ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಇಬ್ಬರೂ ಗಣಿತದ ಮೇಷ್ಟ್ರುಗಳು. 1964ರ ಮೇ 1ರಂದು ಅವರ ಬೇಸಿಕ್ ಭಾಷೆ ಚಾಲೂ ಆಯಿತು. ಕೆಲವೇ ವರ್ಷಗಳಲ್ಲಿ ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಹಲವು ಹೈಸ್ಕೂಲುಗಳಿಗೆ ಟೆಲಿಫೋನ್ ತಂತಿಯ ಮೂಲಕ ಟೆಲಿಟೈಪುಗಳು ಹೋದವು. ಈ ಜಾಲಕ್ಕೆ ಒಂದು ಸಾರ್ವಜನಿಕ ಗ್ರಂಥಾಲಯವೂ ಇತ್ತು: ಬಳಕೆದಾರರು ಬರೆದ ಪ್ರೋಗ್ರಾಮುಗಳನ್ನು ಅಲ್ಲಿ ಇಟ್ಟರೆ ಉಳಿದವರು ತೆರೆದು ಓಡಿಸಬಹುದಿತ್ತು, ಓದಬಹುದಿತ್ತು, ಬದಲಿಸಿಕೊಳ್ಳಬಹುದಿತ್ತು.

ಇದೇ ಕಾಲದಲ್ಲಿ ಇನ್ನೊಂದು ಕಡೆ ಶಾಲಾ ಹುಡುಗನೊಬ್ಬ ಮಾಡಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಇಳಿದ ಕೆಲವೇ ತಿಂಗಳಲ್ಲಿ, ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್ ಹೈಸ್ಕೂಲಿನ ಜಿಮ್ ಸ್ಟೋರರ್ ಎಂಬ ವಿದ್ಯಾರ್ಥಿ ಶಾಲೆಯ ಪಿಡಿಪಿ-8 ಯಂತ್ರದಲ್ಲಿ ಚಂದ್ರನೌಕೆ ಇಳಿಸುವ ಆಟ ಬರೆದ. ಚಿತ್ರವಿಲ್ಲ, ಸದ್ದಿಲ್ಲ, ಟೆಲಿಟೈಪ್ ಕಾಗದದ ಮೇಲೆ ಹೊತ್ತು, ಎತ್ತರ, ವೇಗ, ಉಳಿದ ಇಂಧನ ಇಷ್ಟೇ ಅಚ್ಚಾಗುತ್ತವೆ. ಹತ್ತು ಸೆಕೆಂಡಿಗೊಮ್ಮೆ ಎಷ್ಟು ಇಂಧನ ಸುಡಬೇಕೆಂದು ಆಡುವವರು ಅಂಕಿ ಒತ್ತಬೇಕು. ಇಂಧನ ಖಾಲಿಯಾದಂತೆ ನೌಕೆ ಹಗುರಾಗುತ್ತದೆ, ಹಗುರಾದಂತೆ ಅದೇ ಬೆಂಕಿ ಹೆಚ್ಚು ತಳ್ಳುತ್ತದೆ. ಆ ಲೆಕ್ಕವನ್ನು ಹುಡುಗ ಸರಿಯಾಗಿಯೇ ಹಾಕಿದ್ದ. ಯಂತ್ರ ತಯಾರಿಸಿದ ಡಿಇಸಿ ಕಂಪನಿಯ ಡೇವಿಡ್ ಆಲ್ ಅದನ್ನು ಬೇಸಿಕ್ ಭಾಷೆಗೆ ತಂದು 1973ರ ತಮ್ಮ ಆಟಗಳ ಸಂಕಲನದಲ್ಲಿ ಸೇರಿಸಿದರು. 1978ರಲ್ಲಿ ಬಂದ ಅದರ ಪರಿಷ್ಕೃತ ರೂಪ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಪ್ರತಿ ಆಟದ ಕೋಡೂ ಪುಟದ ಮೇಲೆ ಸಾಲುಸಾಲಾಗಿ ಅಚ್ಚಾಗಿತ್ತು. ಕೊಂಡವರು ಬೆರಳಚ್ಚು ಮಾಡಿ ಓಡಿಸಬೇಕು, ಹಾಗೆ ಮಾಡುತ್ತಲೇ ಓದಬೇಕು. 2024ರಲ್ಲಿ ಪ್ರೋಗ್ರಾಮರ್ ಒಬ್ಬರು ಆ ಮೂಲ ಕೋಡನ್ನು ಕುಳಿತು ಓದಿದಾಗ ಒಂದು ತಪ್ಪು ಸಿಕ್ಕಿತು: ನೌಕೆ ಅತಿ ಕೆಳಗಿನ ಬಿಂದುವನ್ನು ಮುಟ್ಟುವ ಹೊತ್ತನ್ನು ಲೆಕ್ಕ ಹಾಕುವ ಸೂತ್ರದಲ್ಲಿ ಎರಡರಿಂದ ಭಾಗಿಸುವುದು ಬಿಟ್ಟುಹೋಗಿತ್ತು. ಶಾಲಾ ಹುಡುಗನ ಕೋಡು 55 ವರ್ಷಗಳ ನಂತರವೂ ಓದಲು ಸಿಗುತ್ತಿದೆ, ತಿದ್ದಲು ಅರ್ಹವೆಂದು ಒಬ್ಬರಿಗೆ ತೋರಿದೆ. ಕೊಡುಗೆ ಎಂಬ ಮಾತಿಗೆ ಇದಕ್ಕಿಂತ ಗಟ್ಟಿ ಅರ್ಥ ಬೇಕಿಲ್ಲ. ಸ್ಟೋರರ್ ಮುಂದೆ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕರಾದರು. ಆದರೆ ಅವರು ಪ್ರಾಧ್ಯಾಪಕರಾಗದೆ ಇದ್ದಿದ್ದರೂ ಆಟದ ಬೆಲೆ ಕಡಿಮೆಯಾಗುತ್ತಿರಲಿಲ್ಲ. ಮಕ್ಕಳ ಕೆಲಸವನ್ನು ಅವರು ಮುಂದೆ ಏನಾದರು ಎಂಬುದರಿಂದ ಅಳೆಯುವ ಅಭ್ಯಾಸ ಬಿಡಬೇಕು.

ಸಿಯಾಟಲ್ ನಗರದ ಲೇಕ್‌ಸೈಡ್ ಶಾಲೆಯ ಕತೆ ಬಹಳ ಜನರಿಗೆ ಗೊತ್ತು, ಅದರ ನಡುವಿನ ಒಂದು ವಿವರ ಮಾತ್ರ ಅಷ್ಟಾಗಿ ಚರ್ಚೆಯಾಗಿಲ್ಲ. 1968ರಲ್ಲಿ ತಾಯಂದಿರ ಸಂಘ ಹಳೆ ಸಾಮಾನು ಮಾರಿ ಕೂಡಿಸಿದ ಹಣದಲ್ಲಿ ಶಾಲೆಗೆ ಟೆಲಿಟೈಪ್ ಬಂತು. ಅದೇ ಊರಿನ ಕಂಪ್ಯೂಟರ್ ಸೆಂಟರ್ ಕಾರ್ಪೊರೇಶನ್ ಎಂಬ ಸಂಸ್ಥೆ ಡಿಇಸಿಯ ಹೊಸ ಪಿಡಿಪಿ-10 ಯಂತ್ರ ತಂದಿತ್ತು. ಅದರ ಸಾಫ್ಟ್‌ವೇರಿನಲ್ಲಿ ದೋಷ ಸಿಗುತ್ತಿರುವವರೆಗೆ ಡಿಇಸಿಗೆ ಬಾಡಿಗೆ ಕೊಡಬೇಕಿರಲಿಲ್ಲ. ಹಾಗಾಗಿ ಶಾಲಾ ಹುಡುಗರನ್ನು ಕರೆದು, ಯಂತ್ರವನ್ನು ಬೇಕಾದಷ್ಟು ಬಳಸಿ, ಕೆಟ್ಟಲ್ಲಿ ಬರೆದಿಡಿ ಎಂದರು. 13 ವರ್ಷದ ಬಿಲ್ ಗೇಟ್ಸ್, 15ರ ಪಾಲ್ ಆಲೆನ್ ಮತ್ತು ಗೆಳೆಯರು ರಾತ್ರಿ ಹೊತ್ತು ಕುಳಿತು ದೋಷಗಳ ಪುಸ್ತಕ ತುಂಬಿಸಿದರು. ಇಂದು ಮುಕ್ತ ತಂತ್ರಾಂಶಕ್ಕೆ ಕಾಲಿಡುವ ಮಗು ಮೊದಲು ಮಾಡುವ ಕೆಲಸವೂ ಇದೇ. ವ್ಯತ್ಯಾಸ ಒಂದೇ: ಆ ಹುಡುಗರಿಗೆ ಒಳಗಿನ ಕೋಡನ್ನು ಯಾರೂ ತೋರಿಸಿರಲಿಲ್ಲ. ಆಪರೇಟಿಂಗ್ ಸಿಸ್ಟಂ ಹೇಗೆ ಬರೆದಿದ್ದಾರೆಂದು ತಿಳಿಯಲು ಅವರು ಕಚೇರಿಯ ಕಸದ ತೊಟ್ಟಿಗಳಲ್ಲಿ ಎಸೆದ ಕಾಗದ ಹೆಕ್ಕಿ ಓದಿದರು. ಮಕ್ಕಳು ದೋಷ ಹುಡುಕಬಹುದು, ಮೂಲವನ್ನು ಮುಟ್ಟಬಾರದು ಎಂಬ ಆ ವ್ಯವಸ್ಥೆಯೇ ಮುಂದಿನ ಎರಡು ದಶಕ ಲೋಕದ ನಿಯಮವಾಯಿತು. 1976ರ ಫೆಬ್ರವರಿಯಲ್ಲಿ 20 ವರ್ಷದ ಗೇಟ್ಸ್ ಹವ್ಯಾಸಿಗಳಿಗೆ ಬರೆದ ಬಹಿರಂಗ ಪತ್ರ, ಸಾಫ್ಟ್‌ವೇರನ್ನು ಕಾಸು ಕೊಡದೆ ನಕಲು ಮಾಡುವುದು ಕಳ್ಳತನ ಎಂದು ವಾದಿಸಿತು. ದುಡಿದವರಿಗೆ ಕೂಲಿ ಬೇಕೆಂಬ ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಮಾರಾಟದ ಸಾಫ್ಟ್‌ವೇರ್ ಮೂಲ ಕೋಡಿಲ್ಲದೆ ಬರತೊಡಗಿದಾಗ, ಓದಿ ಕಲಿತು ತಿದ್ದುವ ಮಗುವಿಗೆ ಜಾಗ ಉಳಿಯಲಿಲ್ಲ. ಉಳಿದದ್ದು ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಬೇಸಿಕ್ ಪ್ರೋಗ್ರಾಮುಗಳು ಮತ್ತು ಮನೆಯೊಳಗಿನ ಒಡನಾಟ. ಹೆಲ್ಸಿಂಕಿಯಲ್ಲಿ, ಮುಂದೆ ಲಿನಕ್ಸ್ ಬರೆದ ಲೈನಸ್ ಟೊರ್ವಾಲ್ಡ್ಸ್ ಎಂಬ ಹನ್ನೊಂದರ ಹುಡುಗ ವಿಕ್-20 ಯಂತ್ರಕ್ಕೆ ಅಜ್ಜ ಬರೆದುಕೊಟ್ಟ ಪ್ರೋಗ್ರಾಮುಗಳನ್ನು ಕೀಲಿಸುತ್ತ ಕಲಿತದ್ದು ಇದೇ ಕಾಲದಲ್ಲಿ. ಅಜ್ಜ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು. ಇಲ್ಲೂ ಓದಲು ಕೋಡಿತ್ತು, ಪಕ್ಕದಲ್ಲಿ ಹಿರಿಯರಿದ್ದರು.

ಇಷ್ಟು ಹೊತ್ತಿಗೆ ಓದುಗರಿಗೆ ಒಂದು ಆಕ್ಷೇಪ ಮೂಡಿರಬೇಕು. ಪ್ರಾಧ್ಯಾಪಕರ ಮಗ, ಪ್ರಾಧ್ಯಾಪಕರ ಮೊಮ್ಮಗ, ಉಳ್ಳವರ ಶಾಲೆಯ ಹುಡುಗರು, ಅದೂ ಬಹುಪಾಲು ಗಂಡುಮಕ್ಕಳು: ಇದು ರೂಢಿಯೇ ಅಥವಾ ಕೆಲವೇ ಮನೆಗಳ ಸೌಲಭ್ಯವೇ? ಆಕ್ಷೇಪ ಸರಿಯಾದದ್ದು. ಅದನ್ನು ಮೊದಲೇ ಎದುರಿಸಿದವರಲ್ಲಿ ಅಲನ್ ಕೇ ಒಬ್ಬರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಶಾಲೆಯಲ್ಲಿ ಅವರೂ ಅಡೆಲ್ ಗೋಲ್ಡ್‌ಬರ್ಗ್ ಅವರೂ ನೆರೆಯ ಶಾಲೆಯ ಮಕ್ಕಳಿಗೆ ಸ್ಮಾಲ್‌ಟಾಕ್ ಭಾಷೆ ಕಲಿಸಿದರು. 12 ವರ್ಷದ ಹುಡುಗಿಯೊಬ್ಬಳು ಚಿತ್ರ ಬಿಡಿಸುವ ಪ್ರೋಗ್ರಾಂ ಬರೆದಳು. 15ರ ಹುಡುಗನೊಬ್ಬ ವಿದ್ಯುತ್ ಮಂಡಲಗಳ ನಕ್ಷೆ ಬರೆಯುವ ವ್ಯವಸ್ಥೆ ಮಾಡಿದ. 1977ರಲ್ಲಿ ಕೇ ಮತ್ತು ಗೋಲ್ಡ್‌ಬರ್ಗ್ ಪ್ರಕಟಿಸಿದ ಪ್ರಬಂಧದಲ್ಲಿ ಮಕ್ಕಳ ಕೆಲಸವೂ ದೊಡ್ಡವರ ಕೆಲಸದ ಪಕ್ಕದಲ್ಲೇ ಉದಾಹರಣೆಯಾಗಿ ನಿಂತಿತು. ಆದರೆ 1993ರಲ್ಲಿ ಸ್ಮಾಲ್‌ಟಾಕ್ ಇತಿಹಾಸ ಬರೆಯುವಾಗ ಕೇ ಒಂದು ಮಾತನ್ನು ಮುಚ್ಚಿಡಲಿಲ್ಲ: ಗೆಲುವು ನಿಜ, ಆದರೆ ತಾವು ಮೊದಲು ನಂಬಿದಷ್ಟು ವ್ಯಾಪಕವಾಗಿರಲಿಲ್ಲ. ಈ ಪ್ರಾಮಾಣಿಕತೆ ಮುಂದಿನವರಿಗೆ ಉಪಕಾರ ಮಾಡಿತು. ಎಲ್ಲ ಮಕ್ಕಳೂ ಇಡೀ ವ್ಯವಸ್ಥೆ ಕಟ್ಟಬೇಕೆಂದು ನಿರೀಕ್ಷಿಸುವುದು ತಪ್ಪು. ಇರುವುದನ್ನು ತೆರೆದು ಒಂದು ತುಂಡನ್ನು ಬದಲಿಸುವುದಾದರೆ ಬಹಳ ಮಕ್ಕಳಿಗೆ ಸಾಧ್ಯ. 1996ರಲ್ಲಿ ಕೇ ಬಳಗವೇ ಸ್ಕ್ವೀಕ್ ಎಂಬ ಹೊಸ ಸ್ಮಾಲ್‌ಟಾಕನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೇ ಸ್ಕ್ವೀಕ್ ಮೇಲೆ ಮಿಚೆಲ್ ರೆಸ್ನಿಕ್ ಅವರ ತಂಡ ಎಂಐಟಿಯಲ್ಲಿ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ತಾಣ ಕಟ್ಟಿ 2007ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿತು. 8ರಿಂದ 16 ವರ್ಷದ ಮಕ್ಕಳನ್ನು ಉದ್ದೇಶಿಸಿದ ಆ ತಾಣದಲ್ಲಿ ಪ್ರತಿ ಪ್ರಾಜೆಕ್ಟಿನ ಒಳಗೂ ಇಣುಕಬಹುದು, ಅದರ ಮೇಲೆ ತನ್ನದನ್ನು ಕಟ್ಟಬಹುದು; ಎಲ್ಲವೂ ಹಂಚಿಕೆಗೆ ಅನುಮತಿಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿರುತ್ತವೆ. ನೋಂದಾಯಿಸಿದವರ ಸಂಖ್ಯೆ ಈಗ 10 ಕೋಟಿ ದಾಟಿದೆ. ಕೆಲವೇ ಮನೆಗಳ ಸೌಲಭ್ಯ ಎಂಬ ಮಾತು ಇಲ್ಲಿಗೆ ಅನ್ವಯಿಸುವುದಿಲ್ಲ.

ಉರುಗ್ವೆ ದೇಶದ ಅನುಭವ ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಬಾಗಿಲು ತೆರೆದದ್ದು ಸರ್ಕಾರ. 2007ರಲ್ಲಿ ವಿಜ್ಯಾ ಕಾರ್ದಾಲ್ ಎಂಬ ಹಳ್ಳಿಯ ಶಾಲೆಯಿಂದ ಆರಂಭವಾದ ಸೀಬಲ್ ಯೋಜನೆ, 2009ರ ಹೊತ್ತಿಗೆ ಸರ್ಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ಕೊಟ್ಟಿತು, ಸಂಖ್ಯೆ 3.5 ಲಕ್ಷಕ್ಕೂ ಹೆಚ್ಚು. ಆ ಹಸಿರು ಬಿಳಿ ಬಣ್ಣದ ಎಕ್ಸ್‌ಒ ಲ್ಯಾಪ್‌ಟಾಪುಗಳಲ್ಲಿ ಶುಗರ್ ಎಂಬ ಮುಕ್ತ ತಂತ್ರಾಂಶವಿತ್ತು. ಕೀಲಿಮಣೆಯಲ್ಲೇ ಮೂಲ ಕೋಡನ್ನು ತೋರಿಸುವ ಒಂದು ಕೀಲಿ ಇತ್ತು. ಮಗು ಆಡುತ್ತಿರುವ ಆಟದ ಮಧ್ಯೆ ಅದನ್ನು ಒತ್ತಿದರೆ ಆಟದ ಪೈಥಾನ್ ಕೋಡ್ ತೆರೆದುಕೊಳ್ಳುತ್ತದೆ. ಮುಂದಿನ ಆವೃತ್ತಿಗಳಲ್ಲಿ ಅದರ ಪ್ರತಿಯೊಂದನ್ನು ಮಾಡಿಕೊಂಡು, ಮೂಲ ಕೆಡದಂತೆ ತಿದ್ದುವ ಅನುಕೂಲವೂ ಬಂತು. ಅಂಕಿ ಬದಲಿಸು, ಬಣ್ಣ ಬದಲಿಸು, ಕೆಟ್ಟರೆ ಪ್ರತಿಯನ್ನು ಎಸೆ. ಕೋಡು ಕಾಣುವುದು, ತಪ್ಪಿಗೆ ಹೆದರಬೇಕಿಲ್ಲದಿರುವುದು ಎರಡನ್ನೂ ಒಂದೇ ಕೀಲಿಯ ಹಿಂದೆ ಜೋಡಿಸಿದ್ದು ಈ ಇತಿಹಾಸದಲ್ಲೇ ಅತಿ ಜಾಣ ಏರ್ಪಾಡು ಎಂದು ನನ್ನ ಎಣಿಕೆ. ಉರುಗ್ವೆಯ ಶಾಲಾ ಮಕ್ಕಳಲ್ಲಿ ಕೆಲವರು ಶುಗರ್‌ಗೆ ಹೊಸ ಚಟುವಟಿಕೆಗಳನ್ನು ಬರೆದರು. ಕೆಲವರು ಮುಂದೆ ಅದರ ಅಭಿವೃದ್ಧಿ ತಂಡದವರೇ ಆದರು. 3.5 ಲಕ್ಷದಲ್ಲಿ ಕೆಲವರೇ ತಾನೆ ಎಂದು ಕೇಳಬಹುದು. ಲ್ಯಾಪ್‌ಟಾಪ್ ಕೊಟ್ಟ ಮಾತ್ರಕ್ಕೆ ಓದು ಬರಹ ಸುಧಾರಿಸಲಿಲ್ಲ ಎಂಬ ಟೀಕೆ ಆ ಯೋಜನೆಯ ಮೇಲೆ ಬಂದಿದೆ, ಅದನ್ನು ಅಲ್ಲಗಳೆಯುವ ಅಗತ್ಯವೂ ಇಲ್ಲ. ನನ್ನ ವಾದಕ್ಕೆ ಬೇಕಾದದ್ದು ಇಷ್ಟೇ: ಆ ಕೆಲವರು ಯಾವ ಮನೆಯಲ್ಲಿ ಹುಟ್ಟುತ್ತಾರೆಂದು ಮೊದಲೇ ಹೇಳಲಾಗದು, ಹಾಗಾಗಿ ಬಾಗಿಲು ಎಲ್ಲರಿಗೂ ತೆರೆದಿರಬೇಕು.

ಎರಡನೆಯ ಆಕ್ಷೇಪ ತಂತ್ರಾಂಶ ನಡೆಸುವವರದು. ಮಕ್ಕಳ ಚಿಲ್ಲರೆ ತಿದ್ದುಪಡಿಗಳನ್ನು ಪರಿಶೀಲಿಸುವ ಹೊತ್ತಿನಲ್ಲಿ ತಾವೇ ಆ ಕೆಲಸ ಮುಗಿಸಬಹುದು, ಲಾಭಕ್ಕಿಂತ ಹೊರೆ ಹೆಚ್ಚು ಎನ್ನುತ್ತಾರೆ. ಹೊರೆ ಇದೆ, ಸಂಬಳವಿಲ್ಲದೆ ರಾತ್ರಿ ಹೊತ್ತು ಕೆಲಸ ಮಾಡುವ ಸ್ವಯಂಸೇವಕರಿಗೆ ಅದು ಸಣ್ಣದಲ್ಲ. ಆದರೆ ಚಿಕ್ಕದು ಎಂದರೆ ಚಿಲ್ಲರೆ ಎಂದಾಗುವುದಿಲ್ಲ. 2010ರಲ್ಲಿ ಸ್ಯಾನ್ ಹೊಸೆಯ 12 ವರ್ಷದ ಬಾಲಕನೊಬ್ಬ ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಗಂಭೀರ ಭದ್ರತಾ ದೋಷವೊಂದನ್ನು ಕಂಡುಹಿಡಿದು ಅದನ್ನು ಹೊರತರುವ ಮೊಜಿಲ್ಲಾದಿಂದ 3,000 ಡಾಲರ್ ಬಹುಮಾನ ಪಡೆದ. ಆ ಫೈರ್‌ಫಾಕ್ಸನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಬ್ಲೇಕ್ ರಾಸ್ ಸಹ 14ರ ಸುಮಾರಿಗೆ ಮೊಜಿಲ್ಲಾದ ದೋಷಗಳನ್ನು ತಿದ್ದುತ್ತ ಒಳಗೆ ಬಂದವರು. ಹೊರೆಯನ್ನು ಹೊರುವ ವಿಧಾನವೂ ಪ್ರಯೋಗವಾಗಿದೆ. 2007ರ ಒಂದು ಪ್ರಾಯೋಗಿಕ ಸ್ಪರ್ಧೆಯ ನಂತರ, 2010ರಿಂದ 2019ರವರೆಗೆ ಪ್ರತಿ ವರ್ಷ ನಡೆದ ಗೂಗಲ್ ಕೋಡ್-ಇನ್ ಸ್ಪರ್ಧೆ 13ರಿಂದ 17 ವರ್ಷದವರಿಗೆ ಮೀಸಲಾಗಿತ್ತು. ವಿಕಿಮೀಡಿಯ, ಕೆಡಿಇ, ಫೆಡೋರಾ, ಶುಗರ್ ಲ್ಯಾಬ್ಸ್‌ನಂಥ ಸಂಸ್ಥೆಗಳು ತಮ್ಮ ಕೆಲಸವನ್ನು ಮೂರರಿಂದ ಐದು ಗಂಟೆಯಲ್ಲಿ ಮುಗಿಯುವ ತುಂಡುಗಳಾಗಿ ಒಡೆದು ಇಡಬೇಕಿತ್ತು. ಕೋಡ್ ಮಾತ್ರವಲ್ಲ, ಕೈಪಿಡಿಯ ಒಂದು ಪುಟ ತಿದ್ದುವುದು, ಒಂದು ಗುಂಡಿಯ ಚಿತ್ರ ಬರೆಯುವುದು, ಹಳೆಯ ದೋಷವೊಂದು ಇನ್ನೂ ಇದೆಯೇ ಎಂದು ಪರೀಕ್ಷಿಸುವುದು ಇವೂ ಕೆಲಸಗಳೇ. ಪ್ರತಿ ತುಂಡಿಗೂ ಒಬ್ಬ ಮಾರ್ಗದರ್ಶಿ; ಅವರು ನೋಡಿ ಒಪ್ಪುವವರೆಗೆ ಅದು ಮುಗಿದಂತಲ್ಲ. ಕೆಲಸವನ್ನು ಹೀಗೆ ಒಡೆಯಲು ಕುಳಿತ ತಂಡ ತನ್ನ ಕೋಡನ್ನು ಹೊಸಬರ ಕಣ್ಣಿನಿಂದ ನೋಡಬೇಕಾಗುತ್ತದೆ, ಕೈಪಿಡಿಯ ಹುಳುಕುಗಳು ಆಗ ತಾನಾಗಿ ಕಾಣುತ್ತವೆ. ಇದರ ಲಾಭ ಆಮೇಲೆ ಬರುವ ದೊಡ್ಡವರಿಗೂ ಸಲ್ಲುತ್ತದೆ. 2016ರ ಸಾಲಿನಲ್ಲಿ ಕ್ಯಾಮರೂನ್ ದೇಶದ ಬಮೆಂಡಾ ಊರಿನ 17ರ ಹುಡುಗನೊಬ್ಬ ಬಡ ದೇಶಗಳ ಆಸ್ಪತ್ರೆಗಳು ಬಳಸುವ ಓಪನ್‌ಎಂಆರ್‌ಎಸ್ ತಂತ್ರಾಂಶಕ್ಕೆ 20 ಕೆಲಸ ಮುಗಿಸಿ, ಆ ಸ್ಪರ್ಧೆ ಗೆದ್ದ ಮೊದಲ ಆಫ್ರಿಕನ್ ಆದ. ಗಡುವು ಮುಗಿದ ಮರುದಿನವೇ ಅವನ ಪ್ರಾಂತ್ಯದ ಇಂಟರ್ನೆಟ್ಟನ್ನು ಸರ್ಕಾರ ಕಡಿದುಹಾಕಿತು. ಬಾಗಿಲು ಎಷ್ಟು ಸಲೀಸಾಗಿ ಮುಚ್ಚಿಕೊಳ್ಳುತ್ತದೆ ಎಂಬುದಕ್ಕೆ ಅದೂ ಸಾಕ್ಷಿ. 2019ರ ನಂತರ ಸ್ಪರ್ಧೆಯೇ ನಿಂತುಹೋಯಿತು, ಆ ಪ್ರಮಾಣದ ಬದಲಿ ಏರ್ಪಾಡು ಮತ್ತೆ ಬರಲಿಲ್ಲ.

ಅತಿ ಗಂಭೀರವಾದ ಆಕ್ಷೇಪ ಇನ್ನೊಂದಿದೆ: ಇದು ಮಕ್ಕಳ ಬಿಟ್ಟಿ ದುಡಿಮೆ ಅಲ್ಲವೇ? ದೊಡ್ಡ ಕಂಪನಿಗಳು ಮುಕ್ತ ತಂತ್ರಾಂಶದ ಮೇಲೆಯೇ ವ್ಯಾಪಾರ ನಡೆಸುತ್ತವೆ. ಮಗು ಪುಕ್ಕಟೆ ತಿದ್ದಿದ ಸಾಲು ಅವುಗಳ ಲಾಭಕ್ಕೆ ಸೇರುತ್ತದೆ. ಲೇಕ್‌ಸೈಡಿನ ಹುಡುಗರ ವಿಷಯದಲ್ಲಿ ಈ ದೂರು ತಕ್ಕಮಟ್ಟಿಗೆ ನಿಜ. ಅವರು ಹುಡುಕಿದ ದೋಷಗಳ ಫಲ ಕಂಪನಿಗೆ ಹೋಯಿತು, ಅವರಿಗೆ ಸಿಕ್ಕಿದ್ದು ಯಂತ್ರದ ಮುಂದೆ ಕೂರುವ ಹೊತ್ತು. ಮುಕ್ತ ತಂತ್ರಾಂಶದಲ್ಲಿ ತಿದ್ದಿದ ಕೋಡು ತಿದ್ದಿದ ಮಗುವಿಗೂ ಅದರ ಶಾಲೆಗೂ ನೆರೆಯವರಿಗೂ ಅಷ್ಟೇ ಹಕ್ಕಿನಿಂದ ಉಳಿಯುತ್ತದೆ. ಈ ವ್ಯತ್ಯಾಸ ದೊಡ್ಡದು, ಆದರೂ ಅದೊಂದೇ ಸಾಲದು. ಮಕ್ಕಳು ಏನನ್ನು ನ್ಯಾಯವೆಂದು ಬಗೆಯುತ್ತಾರೆ ಎಂಬುದಕ್ಕೆ ಸ್ಕ್ರ್ಯಾಚ್ ತಾಣದಿಂದಲೇ ಒಂದು ಸುಳಿವು ಸಿಗುತ್ತದೆ. ತಮ್ಮ ಪ್ರಾಜೆಕ್ಟನ್ನು ಬೇರೆಯವರು ಎತ್ತಿಕೊಂಡು ಬದಲಿಸಿದಾಗ ಮಕ್ಕಳು ದೂರತೊಡಗಿದರು. ತಂಡ ಒಂದು ಉಪಾಯ ಮಾಡಿತು: ಇದು ಇಂಥವರ ಕೆಲಸವನ್ನು ಆಧರಿಸಿದ್ದು ಎಂದು ಕಂಪ್ಯೂಟರೇ ಕೆಳಗೆ ಬರೆಯುವಂತೆ ಮಾಡಿತು. 2011ರಲ್ಲಿ ಆಂಡ್ರೆಸ್ ಮನ್ರಾಯ್-ಹೆರ್ನಾಂಡೆಝ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ ಅಷ್ಟರಿಂದ ಮಕ್ಕಳಿಗೆ ಸಮಾಧಾನವಾಗಲಿಲ್ಲ. ಎತ್ತಿಕೊಂಡವರು ತಾವಾಗಿ ಹೆಸರು ಹೇಳಿ ನೆನೆದರೆ ಮಾತ್ರ ಅವರಿಗೆ ಅದು ಮನ್ನಣೆ. ಹಣದ ಪ್ರಶ್ನೆಗಿಂತ ಮೊದಲು ಮಕ್ಕಳು ಈ ಪ್ರಶ್ನೆ ಕೇಳುತ್ತಾರೆ, ದೊಡ್ಡವರು ಅದಕ್ಕೆ ಕಿವಿಗೊಡಬೇಕು. ಮಗುವಿನ ತಿದ್ದುಪಡಿಯನ್ನು ಒಪ್ಪಿಕೊಂಡಾಗ ಒಬ್ಬ ಮನುಷ್ಯ ಎರಡು ಸಾಲು ಬರೆಯುವುದು ಉಪಚಾರದ ಮಾತೆಂದು ನಾನು ಭಾವಿಸುವುದಿಲ್ಲ. ದುಡಿಮೆಗೂ ಪಾಲುದಾರಿಕೆಗೂ ಇರುವ ಗೆರೆಯೇ ಅದು. ಜೊತೆಗೆ ಗಡುವು, ಬಹುಮಾನ, ಅಂಕಪಟ್ಟಿಗಳ ಒತ್ತಡ ಹೆಚ್ಚಿದಷ್ಟೂ ಆ ಗೆರೆ ಅಳಿಸುತ್ತದೆ ಎಂದೂ ಒಪ್ಪಬೇಕು. ಸ್ಪರ್ಧೆಯ ರೂಪ ನನಗೆ ಪೂರ್ತಿ ಒಪ್ಪಿಗೆಯಾಗದೆ ಇರುವುದು ಈ ಕಾರಣಕ್ಕೆ.

ಹೆಸರಿನ ಮಾತು ಬಂದಾಗ ಕಾನೂನನ್ನೂ ನೋಡಬೇಕಾಗುತ್ತದೆ. ಮುಕ್ತ ತಂತ್ರಾಂಶದ ಬದಲಾವಣೆಗಳ ದಾಖಲೆ ಅಳಿಯುವಂಥದ್ದಲ್ಲ. ಹತ್ತು ವರ್ಷದ ಮಗು ತನ್ನ ನಿಜ ಹೆಸರು, ಇಮೇಲ್ ಹಾಕಿದರೆ ಅದು ಸಾವಿರಾರು ಪ್ರತಿಗಳಲ್ಲಿ ಕಾಲಕಾಲಕ್ಕೂ ಉಳಿಯುತ್ತದೆ. ಅಮೆರಿಕದಲ್ಲಿ 1998ರ ಕಾನೂನು 13 ವರ್ಷದೊಳಗಿನವರ ಮಾಹಿತಿ ಸಂಗ್ರಹಕ್ಕೆ ಹೆತ್ತವರ ಒಪ್ಪಿಗೆ ಬೇಕೆಂದಿತು. ಅದರ ಫಲವಾಗಿ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಸೇರಿದಂತೆ ಬಹುತೇಕ ತಾಣಗಳು 13ರ ಕೆಳಗಿನವರಿಗೆ ಬಾಗಿಲು ಹಾಕಿವೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದ ಎಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಇನ್ನು ನಮ್ಮಲ್ಲಿ ಅಪ್ರಾಪ್ತರು ಮಾಡಿಕೊಂಡ ಕರಾರು ಊರ್ಜಿತವಲ್ಲ ಎಂದು 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿತ್ತು, ಅದೇ ಇಂದಿಗೂ ನಿಯಮ. ಹಾಗಾಗಿ ಕೆಲವು ತಂತ್ರಾಂಶ ತಂಡಗಳು ಕೇಳುವ ಕೊಡುಗೆದಾರರ ಕರಾರು ಪತ್ರಕ್ಕೆ ಮಗು ಹಾಕಿದ ಸಹಿಗೆ ಬೆಲೆಯಿಲ್ಲ. ಇವೆಲ್ಲ ಮಕ್ಕಳನ್ನು ದೂರವಿಡಲು ಕಾರಣಗಳೆಂದು ಕೆಲವರು ವಾದಿಸುತ್ತಾರೆ. ಇತಿಹಾಸ ಬೇರೆ ದಾರಿ ತೋರಿಸುತ್ತದೆ. ಲಿನಕ್ಸ್ ಮಿಂಟ್‌ನ ಮಕ್ಕಳ ಹೆಸರು ಯಾರಿಗೂ ಗೊತ್ತಿಲ್ಲ, ವರದಿ ಬರೆದದ್ದು ಮನೆಯ ಹಿರಿಯರು, ಹಾಗೆಂದು ಮಕ್ಕಳಿಗೆ ಸಲ್ಲಬೇಕಾದದ್ದು ತಪ್ಪಲಿಲ್ಲ. ಸ್ಕ್ರ್ಯಾಚ್ ತಾಣ ಮೊದಲಿನಿಂದಲೂ ನಿಜ ಹೆಸರು ಬಳಸಬೇಡಿ ಎಂದೇ ಮಕ್ಕಳಿಗೆ ಹೇಳುತ್ತ ಬಂದಿದೆ. ಹಿರಿಯರ ಖಾತೆ, ಮಗುವಿನ ಅಡ್ಡಹೆಸರು, ನಡುವೆ ಒಬ್ಬ ಮೇಷ್ಟ್ರು: ಇಷ್ಟಾದರೆ ಕಾನೂನಿಗೂ ಮಗುವಿಗೂ ಒಗ್ಗುತ್ತದೆ.

ನಮ್ಮ ನೆರೆಯಲ್ಲೇ ಈ ಏರ್ಪಾಡಿನ ಅರ್ಧ ಭಾಗ ನಿಂತಿದೆ. ಕೇರಳದ ಸರ್ಕಾರಿ ಶಾಲೆಗಳು 2000ರ ದಶಕದ ಮಧ್ಯದಿಂದ ಗ್ನು/ಲಿನಕ್ಸ್ ಕಡೆಗೆ ಹೊರಳಿದವು. 2018ರಲ್ಲಿ ಅಲ್ಲಿನ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಸಂಘಗಳು ಶುರುವಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಆ ಐಟಿ ಪಾಠಗಳನ್ನು ಕನ್ನಡ ಪುಸ್ತಕದಲ್ಲೇ ಓದುತ್ತಾರೆ, ಮುಕ್ತ ತಂತ್ರಾಂಶದ ಮೇಲೆಯೇ ಕಲಿಯುತ್ತಾರೆ. ಕರ್ನಾಟಕದಲ್ಲಿಯೂ 2010ರ ದಶಕದ ಆರಂಭದಲ್ಲಿ ಪ್ರೌಢಶಾಲೆಯ ಶಿಕ್ಷಕರಿಗೆ ಉಬುಂಟು ಮತ್ತು ಮುಕ್ತ ಕಲಿಕಾ ಸಾಮಗ್ರಿಗಳ ತರಬೇತಿ ನಡೆಯಿತು. ಯಂತ್ರ, ಕೋಡು ಇವೆ, ಕಲಿತ ಮೇಷ್ಟ್ರು ಇದ್ದಾರೆ. ಚಿಕ್ಕ ಕೆಲಸಗಳ ಪಟ್ಟಿ ಮತ್ತು ಅದಕ್ಕೆ ಉತ್ತರ ಕೊಡುವವರು ಬೇಕು. ಕನ್ನಡದ ತಂತ್ರಾಂಶಗಳಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ. ಅಕ್ಷರವಿನ್ಯಾಸದಲ್ಲಿ ಅರ್ಕಾವತ್ತು ಎಲ್ಲಿ ತಪ್ಪಾಗಿ ಕೂರುತ್ತದೆ, ಯಾವ ಒತ್ತಕ್ಷರ ಒಡೆಯುತ್ತದೆ ಎಂದು ಏಳನೆಯ ತರಗತಿಯ ಮಗು ನೋಡಿ ಹೇಳಬಲ್ಲದು. ಕಾಗುಣಿತ ತಿದ್ದುವ ಪದಪಟ್ಟಿಯಲ್ಲಿ ತನ್ನ ಊರಿನ ಯಾವ ಮಾತು ಇಲ್ಲವೆಂದು ಬರೆದುಕೊಡಬಲ್ಲದು. ಗುಂಡಿಯ ಮೇಲಿನ ಯಾವ ಕನ್ನಡ ತನಗೆ ಅರ್ಥವಾಗಲಿಲ್ಲ ಎಂದು ಹೇಳಲು ಅದಕ್ಕಿಂತ ಅರ್ಹರು ಇಲ್ಲ. ಕನ್ನಡದ ಫಾಂಟು, ಕೀಲಿಮಣೆ, ನಿಘಂಟುಗಳನ್ನು ಬಿಡುವಿನ ವೇಳೆಯಲ್ಲಿ ಕಟ್ಟಿ ಕಾಪಾಡುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟು: ಇಂಥ ಹತ್ತು ಕೆಲಸಗಳನ್ನು ಬಿಡಿಸಿ ಬರೆದು ಹತ್ತಿರದ ಸರ್ಕಾರಿ ಶಾಲೆಯ ಮೇಷ್ಟ್ರ ಕೈಗೆ ಕೊಡಿ, ಮಕ್ಕಳು ಬರೆದು ಕಳಿಸಿದ ಪ್ರತಿಯೊಂದಕ್ಕೂ ನೀವೇ ಓದಿ ಉತ್ತರ ಬರೆಯಿರಿ.